ಮುಖವಿಲ್ಲದ ಪೆಟ್ಟಿಗೆ

ಜೂನ್ 10, ಸೋಮವಾರ

ಮಾನ್ಯ ತನಿಖಾ ಆಯೋಗದ ಅಧ್ಯಕ್ಷರೇ, ಕನ್ನಡಕ ಒರೆಸಿಕೊಳ್ಳುತ್ತಿರುವ ಸದಸ್ಯರೇ, ಮೂಲೆಯಲ್ಲಿ ತೂಕಡಿಸುತ್ತಲೇ ಎಲ್ಲಕ್ಕೂ ತಲೆಯಾಡಿಸುತ್ತಿರುವ ಗುಮಾಸ್ತರೇ,

ತಾವು ಇನ್ನೂ ನೇಮಕಗೊಂಡಿಲ್ಲ ಎಂಬುದು ನನಗೆ ಗೊತ್ತು. ಆದರೆ ಇವತ್ತಲ್ಲ ನಾಳೆ ನಮ್ಮ ಶಾಲೆಯ ಪುಕ್ಕಟೆ ಕಂಪ್ಯೂಟರ್ ಹಗರಣ ಬಯಲಾಗುತ್ತದೆ, ತಮ್ಮ ನೇಮಕವೂ ಆಗುತ್ತದೆ. ಆಗ ತಾವು ಮೇಜು ಗುದ್ದಿ, ‘ಯಾರೂ ಮೊದಲೇ ಏಕೆ ಬಾಯಿ ಬಿಡಲಿಲ್ಲ?’ ಎಂದು ಕೇಳುತ್ತೀರಿ. ಬಾಯಿ ಬಿಟ್ಟಿದ್ದೆ; ಯಾರೂ ಕಿವಿ ಕೊಡಲಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಸಾಕ್ಷಿಯ ಪರಿಚಯ: ಈ ಶಾಲೆಯಲ್ಲಿ ತಲೆಗೂದಲು ಕಪ್ಪಗಿದ್ದಾಗಿನಿಂದ ಭಾಷೆ ಕಲಿಸುತ್ತಿರುವ, ಪ್ರಾಸವಿಲ್ಲದೆ ಹಾಜರಿಯನ್ನೂ ಕೂಗಲಾರದ ಮೇಷ್ಟ್ರು. ಅಕ್ಷರ ಮುತ್ತಿನಂತಿದೆ ಎಂದು ಹೆಸರು. ವರ್ಷಕ್ಕೊಮ್ಮೆ ಪೋಷಕರ ಸಭೆಯ ದಿನ ನಮ್ಮ ಗೋಡೆಪತ್ರಿಕೆ ಹೊರಬರುತ್ತದೆ. ಮಕ್ಕಳು ಬರೆದ ಕಥೆ, ಕವನ, ಒಗಟು ಎಲ್ಲವನ್ನೂ ನಾನು ಕೈಯಾರೆ ದೊಡ್ಡ ಹಾಳೆಗಳ ಮೇಲೆ ನಕಲು ಮಾಡುತ್ತೇನೆ. ಜನ ಮೊದಲು ಅಕ್ಷರ ನೋಡುತ್ತಾರೆ, ಆಮೇಲೆ ಓದುತ್ತಾರೆ. ಕೆಲವರು ಅಕ್ಷರ ನೋಡಿಯೇ ಮನೆಗೆ ಹೋಗುತ್ತಾರೆ.

ಈಗ ಘಟನೆ. ಬೆಳಗಿನ ಪ್ರಾರ್ಥನೆ ಮುಗಿಯುತ್ತಿದ್ದಂತೆ ಗೇಟಿನ ಮುಂದೆ ಟೆಂಪೊ ನಿಂತಿತು. ಹಳೆಯ ಹಾಸಿಗೆ ಹೊದಿಕೆಗಳಲ್ಲಿ ಸುತ್ತಿದ ಹತ್ತು ಕಂಪ್ಯೂಟರುಗಳು ಇಳಿದವು. ಯಾವುದೋ ಕಚೇರಿ ಬೇಡವೆಂದು ಬಿಟ್ಟವಂತೆ. ಬಣ್ಣ ಹಲ್ಲಿನ ಹಾಗೆ ಹಳದಿಯಾಗಿದೆ. ಹಿಂದೆಯೇ ಒಬ್ಬ ಮನುಷ್ಯ ಇಳಿದ. ಕಾಲು ನೆಲ ಮುಟ್ಟುವ ಮೊದಲೇ ಮಾತು ಶುರು. ಕಿವಿಯ ಮೇಲೆ ಸ್ಕ್ರೂಡ್ರೈವರ್, ಕೈಯಲ್ಲಿ ಒಂದು ಕರವಸ್ತ್ರ. ಅದರಿಂದಲೇ ಪರದೆ ಒರೆಸುತ್ತಾನೆ, ಅದರಿಂದಲೇ ಮುಖ ಒರೆಸುತ್ತಾನೆ. ಹಳೆ ಕಂಪ್ಯೂಟರು ರಿಪೇರಿ ಮಾಡಿ ಶಾಲೆಗಳಿಗೆ ಪುಕ್ಕಟೆ ಕೊಡುವುದು ಅವನ ಹುಚ್ಚಂತೆ. ಅವನಿಗೆ ನಾನು ಆಗಲೇ ಪುಕ್ಕಟೆರಾಯ ಎಂದು ಹೆಸರಿಟ್ಟೆ.

“ಇದರಲ್ಲಿ ನಿಮಗೇನು ಲಾಭ?” ಎಂದು ನೇರವಾಗಿ ಕೇಳಿದೆ.

“ಮನೇಲಿ ಜಾಗ ಇಲ್ಲ ಮೇಷ್ಟ್ರೇ. ಹೆಂಡತಿ ‘ಇವು ಇರಬೇಕು, ಇಲ್ಲ ನಾನಿರಬೇಕು’ ಅಂದ್ಲು. ಸ್ವಲ್ಪ ಹೊತ್ತು ಯೋಚನೆ ಮಾಡಿದೆ, ಆಮೇಲೆ ಇವನ್ನ ತಂದೆ.”

ಇದು ಉತ್ತರವೇ? ತಾವೇ ಹೇಳಿ.

ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡ ಮೇಡಂ ಮಾತ್ರ ಕರಗಿಹೋದರು. ನನ್ನ ಅನುಮಾನ ಹೇಳಿದರೆ, “ದಾನ ಕೊಟ್ಟ ಎಮ್ಮೆ ಹಲ್ಲು ಹಿಡಿದು ನೋಡ್ಬಾರ್ದು ಮೇಷ್ಟ್ರೇ” ಎಂದರು. ನಂತರ, “ನಿಮ್ಮಷ್ಟು ಅನುಮಾನ ಇರೋರ ಕೈಲೇ ಕೀಲಿ ಇದ್ರೆ ನಂಗೂ ನಿಶ್ಚಿಂತೆ” ಎಂದು ಆ ಕೋಣೆಯ ಬೀಗದ ಕೀಲಿಯನ್ನು ನನ್ನ ಕೈಗೇ ಕೊಟ್ಟರು.

ಎಮ್ಮೆಯ ಹಲ್ಲು ನೋಡಬಾರದು, ಸರಿ. ಎಮ್ಮೆಯೋ ಕೋಣವೋ ಎಂದಾದರೂ ನೋಡಬೇಡವೇ?

ಜೂನ್ 11, ಮಂಗಳವಾರ

ಇವತ್ತು ಪುಕ್ಕಟೆರಾಯ ಎಲ್ಲವನ್ನೂ ಜೋಡಿಸಿದ. ಗುಂಡಿ ಒತ್ತಿದರೆ ಪರದೆಯ ಮೇಲೆ ಮೊದಲು ಒಂದು ದಪ್ಪ ಹಕ್ಕಿ ಬಂದು ಕೂರುತ್ತದೆ. ಹೊಟ್ಟೆ ಬಿಳಿ, ಬೆನ್ನು ಕಪ್ಪು, ಹಾರಲಾರದ ಜಾತಿ. ಹಾರಲಾರದ ಹಕ್ಕಿಯನ್ನು ಗುರುತಾಗಿ ಇಟ್ಟುಕೊಂಡವರ ಉದ್ದೇಶವೇನಿರಬಹುದು? ಟಿಪ್ಪಣಿ ಮಾಡಿಕೊಳ್ಳಿ.

“ಒಳಗಿರೋ ತಂತ್ರಾಂಶವೂ ಪುಕ್ಕಟೆನಾ?”

“ಪುಕ್ಕಟೆ ಅನ್ನೋದಕ್ಕಿಂತ ಮುಕ್ತ ಅನ್ನಿ ಮೇಷ್ಟ್ರೇ. ಯಾರಪ್ಪನ ಸ್ವತ್ತೂ ಅಲ್ಲ. ನೀವು ಬಳಸಬಹುದು, ನಕಲು ಮಾಡಿ ಹಂಚಬಹುದು, ಒಳಗೆ ಕೈ ಹಾಕಿ ತಿದ್ದಬಹುದು.”

“ತಿದ್ದಿದ್ರೆ ಪೊಲೀಸ್ ಬರಲ್ವಾ?”

“ಬಂದ್ರೆ ಅವರಿಗೂ ಒಂದು ಕಾಪಿ ಕೊಟ್ಟು ಕಳಿಸೋಣ.”

ಹೀಗೆ ನಗಿಸುವವರನ್ನು ನಾನು ಬಸ್ ನಿಲ್ದಾಣಗಳಲ್ಲಿ ಬಹಳ ನೋಡಿದ್ದೇನೆ. ನಾವು ನಗುತ್ತಿರುವಾಗ ಜೇಬು ಹಗುರವಾಗುತ್ತದೆ.

ಪುಕ್ಕಟೆ ಸಿಕ್ಕರೆ ಪಕ್ಕಕೆ ಓಡು,
ಸಕ್ಕರೆಯೊಳಗಿನ ಕೊಕ್ಕೆಯ ನೋಡು!

ಮುಖ್ಯ ವಿಷಯ ಈಗ ಬರುತ್ತದೆ. ಹತ್ತು ಕಂಪ್ಯೂಟರುಗಳಲ್ಲದೆ ಹನ್ನೊಂದನೆಯದೊಂದು ಪೆಟ್ಟಿಗೆಯಿದೆ. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ. ಮೂಲೆಯ ಮೇಜಿನ ಕೆಳಗೆ, ಗೋಡೆಗೆ ಬೆನ್ನು ಕೊಟ್ಟು ಕೂತಿದೆ. ಹತ್ತೂ ಕಂಪ್ಯೂಟರುಗಳಿಂದ ಒಂದೊಂದು ವೈರು ಅದರ ಬೆನ್ನಿಗೆ ಹೋಗಿ ಸೇರುತ್ತದೆ. ಇದೇನು ಎಂದು ಕೇಳಿದೆ. ಪುಕ್ಕಟೆರಾಯ ಬಹಳ ಹೊತ್ತು ವಿವರಿಸಿದ. ಅಷ್ಟು ಹೊತ್ತು ವಿವರಿಸಬೇಕಾದದ್ದರಲ್ಲಿ ಏನೋ ಇದೆ ಎಂದು ಯೋಚಿಸುತ್ತಿದ್ದ ನನಗೆ ಅವನು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಹೊರಡುವ ಮೊದಲು ಅದರ ಮೇಲೊಂದು ಚೀಟಿ ಅಂಟಿಸಿದ: ‘ಇದನ್ನು ಆರಿಸಬೇಡಿ.’ ಅಕ್ಷರ ಬಹಳ ಕೆಟ್ಟದಾಗಿತ್ತು. ಅಂಥ ಅಕ್ಷರದಲ್ಲಿ ಬರೆದ ಆಜ್ಞೆಗೆ ಬಲ ಬರುವುದಿಲ್ಲ.

ಜೂನ್ 14, ಶುಕ್ರವಾರ

ಸಂಜೆ ಎಲ್ಲರೂ ಹೋದ ಮೇಲೆ ಬೀಗ ಹಾಕಲು ಹೋದೆ. ಹತ್ತೂ ಪರದೆಗಳು ಕಪ್ಪಾಗಿ ಮಲಗಿದ್ದವು. ಮೂಲೆಯಲ್ಲಿ ಮಾತ್ರ ಒಂದು ಹಸಿರು ಚುಕ್ಕೆ ಮಿಣಮಿಣ. ಗುರ್ ಎಂದು ಒಂದೇ ರಾಗ. ಬಗ್ಗಿ ಕಿವಿಯಿಟ್ಟೆ. ಒಳಗೆ ಏನೋ ಕರಕರ ಗೀಚುತ್ತಿತ್ತು, ಯಾರೋ ಅವಸರದಲ್ಲಿ ಬರೆದುಕೊಳ್ಳುತ್ತಿರುವ ಹಾಗೆ.

ಎಲ್ಲರೂ ಮನೆಗೆ ಹೋದ ಮೇಲೂ ಕೆಲಸ ಮಾಡುವವನನ್ನು ನಾನು ಎಂದೂ ನಂಬಿದವನಲ್ಲ.

ಮಕ್ಕಳ ಹೆಸರು, ಮನೆ, ಅಪ್ಪಂದಿರ ಕೆಲಸ, ಎಲ್ಲವನ್ನೂ ಹೀರಿಕೊಂಡು ಎಲ್ಲಿಗೋ ಕಳಿಸುತ್ತಿದೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ. ಗೋಡೆಯಿಂದ ವೈರ್ ಕಿತ್ತೆ. ರಾಗ ನಿಂತಿತು. ಇದನ್ನು ತನಿಖಾ ಕ್ರಮವೆಂದು ದಾಖಲಿಸಬೇಕಾಗಿ ವಿನಂತಿ.

ಜೂನ್ 17, ಸೋಮವಾರ

ಶನಿವಾರ ಕಂಪ್ಯೂಟರ್ ಪಿರಿಯಡ್ ಇಲ್ಲ, ಕೋಣೆ ತೆರೆಯುವುದಿಲ್ಲ. ಇವತ್ತು ಮೊದಲ ಗಂಟೆಗೆ ಮುಂಚೆ ಹೋಗಿ, ಯಾರಿಗೂ ಗೊತ್ತಾಗದಂತೆ ವೈರ್ ಮತ್ತೆ ಸಿಕ್ಕಿಸಿದೆ. ಫಲಿತಾಂಶ ಅದ್ಭುತ! ಹತ್ತೂ ಪರದೆಗಳ ಮೇಲೆ ಹಕ್ಕಿ ಬಂದು ಕೂತದ್ದು ಕದಲಲೇ ಇಲ್ಲ. ಆಮೇಲೆ ಬಿಳಿ ಅಕ್ಷರಗಳ ಮಳೆ. ಏಳನೇ ತರಗತಿಯವರು ಹೋದ ವಾರ ಬರೆದಿಟ್ಟದ್ದರಲ್ಲಿ ಅರ್ಧ ಮಾಯ. ಮಕ್ಕಳು ಕೈಕಟ್ಟಿ ಕೂತು ಹಕ್ಕಿಯನ್ನೇ ನೋಡಿದರು.

ಪುಕ್ಕಟೆರಾಯ ಮಧ್ಯಾಹ್ನ ಓಡಿಬಂದ. “ರಾತ್ರಿ ಕರೆಂಟ್ ಹೋಗಿತ್ತಾ ಮೇಷ್ಟ್ರೇ?”

“ನಾನು ರಾತ್ರಿ ಶಾಲೆಯಲ್ಲಿ ಮಲಗಲ್ಲ.”

ಸತ್ಯವನ್ನೇ ಹೇಳಿದ್ದೇನೆ, ಬೇಕಾದರೆ ಪ್ರಮಾಣ ಮಾಡುತ್ತೇನೆ.

ಅವನು ತಲೆ ಕೆರೆದುಕೊಂಡ. ಇಲಿ ವೈರ್ ಕಡಿದಿರಬೇಕು ಎಂದು ಮೇಜುಗಳ ಕೆಳಗೆಲ್ಲ ತೆವಳಿದ. ಇಲಿ ಸಿಗಲಿಲ್ಲ, ಒಂದು ಟಿಫಿನ್ ಡಬ್ಬಿಯ ಮುಚ್ಚಳ ಸಿಕ್ಕಿತು. ಸಂಜೆಯ ಹೊತ್ತಿಗೆ ಹೇಗೋ ಎಲ್ಲವೂ ನಡೆಯತೊಡಗಿದವು. ಹಳೆಯ ಗುಜರಿ ಎಂಬುದು ಮೊದಲ ವಾರದಲ್ಲೇ ಸಾಬೀತಾಯಿತಲ್ಲ!

ಮನೆಯಲ್ಲಿ ನನ್ನಾಕೆಗೆ ಹೇಳಿದೆ. ಅವಳು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂರುವವಳು.

“ರೀ, ನೀವು ಕಂಪ್ಯೂಟರ್ ಮೇಲೆ ಅನುಮಾನ ಪಡ್ತೀರೋ, ಇಲ್ಲ ಅದಕ್ಕೆ ಹೆದರ್ತೀರೋ?”

“ಹೆದರೋದಾ? ನಾನಾ?”

“ಮತ್ತೆ ನನ್ನ ಫೋನಲ್ಲಿ ಮೆಸೇಜ್ ನೋಡೋವಾಗ ಯಾಕೆ ಬೆರಳ ತುದೀನ ಬಿಸಿ ಹಂಚು ಮುಟ್ಟಿದ ಹಾಗೆ ಎಳ್ಕೋತೀರಾ?”

ಸಾಕ್ಷಿಯ ಪತ್ನಿಯ ಹೇಳಿಕೆಯನ್ನು ಆಯೋಗ ಪರಿಗಣಿಸಬೇಕಾಗಿಲ್ಲ.

ಜೂನ್ 21, ಶುಕ್ರವಾರ

ಕಿತ್ತೆ.

ಜೂನ್ 24, ಸೋಮವಾರ

ಮತ್ತೆ ಅದೇ ಹಕ್ಕಿ, ಅದೇ ಹಠ. ಪುಕ್ಕಟೆರಾಯ ಇವತ್ತು ಇಲಿಯನ್ನು ಬಿಟ್ಟು ಇರುವೆಯನ್ನು ಹಿಡಿದ. ಆಮೇಲೆ ವೋಲ್ಟೇಜ್ ಎಂದ. ಕೊನೆಗೆ ಕೋಣೆಯಲ್ಲಿ ತೇವ ಜಾಸ್ತಿ ಎಂದು ಗೋಡೆ ಮುಟ್ಟಿ ಮುಟ್ಟಿ ನೋಡಿದ. ಗೋಡೆ ಒಣಗಿ ಬಿರುಕು ಬಿಟ್ಟಿದೆ.

ದೊಡ್ಡ ಮೇಡಂ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. “ನೋಡಿ ಇವರೇ, ಮಕ್ಕಳ ಪಿರಿಯಡ್ ಹಾಳಾಗ್ತಿದೆ. ಇನ್ನೊಂದು ಸಲ ಹೀಗೆ ಕೈಕೊಟ್ರೆ ಎಲ್ಲಾನೂ ವಾಪಸ್ ತಗೊಂಡು ಹೋಗಿ. ಮುರಿದ ಬೆಂಚುಗಳು ವರಾಂಡದಲ್ಲಿ ಬಿದ್ದಿವೆ, ಈ ರೂಮು ಅವಕ್ಕಾದ್ರೂ ಆಗುತ್ತೆ.”

ಪುಕ್ಕಟೆರಾಯ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ. ಇನ್ನೊಂದೇ ಒಂದು ಸಲ. ತನಿಖೆ ಗುರಿ ಮುಟ್ಟುವ ಹಂತದಲ್ಲಿದೆ.

ಜೂನ್ 27, ಗುರುವಾರ

ಇವತ್ತು ಹೊಸ ಅಪರಾಧವೊಂದು ಪತ್ತೆಯಾಗಿದೆ.

ಎಂಟನೇ ತರಗತಿಯಲ್ಲಿ ಕೋಳಿಕಾಲು ಎಂಬ ಹುಡುಗಿಯಿದ್ದಾಳೆ. ಹೆಸರು ಅದಲ್ಲ, ಅವಳ ಬರಹ ನೋಡಿ ನಾನಿಟ್ಟದ್ದು. ಕೋಳಿಯೊಂದು ಶಾಯಿಯಲ್ಲಿ ಕಾಲಿಟ್ಟು ಹಾಳೆಯ ಮೇಲೆ ಓಡಾಡಿದರೂ ಅದಕ್ಕಿಂತ ಓದಲು ಸುಲಭವಾಗಿರುತ್ತದೆ. ಪೆನ್ನು ಹಿಡಿದರೆ ಅವಳ ಬೆರಳುಗಳು ಸೆಟೆದುಕೊಳ್ಳುತ್ತವೆ. ಕಾಪಿ ಬರೆಸಿದ್ದೇನೆ, ಹಾಳೆಗಟ್ಟಲೆ. ‘ಕೋಳಿಕಾಲು, ಕೋಳಿಕಾಲು, ಸೋಲಿಗೆಲ್ಲ ನೀನೇ ಪಾಲು’ ಎಂದು ಪದ್ಯವನ್ನೂ ಕಟ್ಟಿದ್ದೇನೆ. ಇಡೀ ತರಗತಿಗೆ ಬಾಯಿಪಾಠ. ಅವಳ ಉತ್ತರ ಪತ್ರಿಕೆಗೆ ನಾನು ಅಂದಾಜಿನ ಮೇಲೆ ಅಂಕ ಹಾಕುತ್ತೇನೆ.

ಅಂಥವಳು ಇವತ್ತು ಕಂಪ್ಯೂಟರಿನಲ್ಲಿ ಒಂದು ಪುಟ ಬರೆದು ತೋರಿಸಿದಳು. ಅವಳ ಅಮ್ಮ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ, ಅದರ ಬಗ್ಗೆ. ಓದಿದೆ. ಇನ್ನೊಮ್ಮೆ ಓದಿದೆ. ಒಂದು ವಾಕ್ಯ ಹೀಗಿತ್ತು: ‘ಗುಂಡಿ ಬಿಚ್ಚಿ ತೆಗೆಯುವವರ ಅಂಗಿ ಮತ್ತು ಗುಂಡಿ ಬಿಚ್ಚದೆಯೇ ತಲೆಯಿಂದ ಎಳೆದು ತೆಗೆಯುವವರ ಅಂಗಿ ಬೇರೆ ಬೇರೆ ಕಡೆ ಹರಿಯುತ್ತದೆ, ಅಮ್ಮ ಹರಿದ ಜಾಗ ನೋಡಿ ಯಾರ ಮನೆಯಲ್ಲಿ ಅವಸರ ಜಾಸ್ತಿ ಎಂದು ಹೇಳುತ್ತಾಳೆ.’

“ಎಲ್ಲಿಂದ ಕದ್ದೆ?” ಎಂದು ಕೇಳಿದೆ.

“ಕದ್ದಿಲ್ಲ ಸರ್.”

“ಕಂಪ್ಯೂಟರೇ ಬರೆದುಕೊಡ್ತಾ?”

“ಅದಕ್ಕೆ ನಮ್ಮ ಅಂಗಡಿ ಗೊತ್ತಿಲ್ವಲ್ಲ ಸರ್.”

ಉತ್ತರ ಚುರುಕಾಗಿತ್ತು. ಚುರುಕಾದ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿರುತ್ತಾರೆ. ನಾಳೆ ನನ್ನ ಮುಂದೆಯೇ ಕೂತು ಬರೆಯಬೇಕೆಂದು ಆಜ್ಞೆ ಮಾಡಿದ್ದೇನೆ.

ಜೂನ್ 28, ಶುಕ್ರವಾರ

ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿ ಹಿಂದೆ ನಿಂತೆ. ಮೊದಲು ಬೆರಳುಗಳು ಕೀಲಿಗಳನ್ನು ಹುಡುಕುತ್ತಿದ್ದವು. ಆಮೇಲೆ ಹುಡುಕುವುದನ್ನು ಬಿಟ್ಟವು. ಪೆನ್ನು ಹಿಡಿದಾಗ ಸೆಟೆಯುವ ಬೆರಳುಗಳೇ ಇವು ಎಂದು ನಂಬಲಾಗಲಿಲ್ಲ. ತುಟಿ ಕದಲುತ್ತಿತ್ತು, ಕಣ್ಣು ಪರದೆಯ ಮೇಲಿತ್ತು, ನಾನು ಹಿಂದಿರುವುದೇ ಅವಳಿಗೆ ಮರೆತುಹೋಗಿತ್ತು. ಬರೆದಳು:

‘ಒಬ್ಬರ ಅಂಗಿಯ ಜೇಬಿನ ತುದಿಯಲ್ಲಿ ಯಾವಾಗಲೂ ಶಾಯಿಯ ಕಲೆ ಇರುತ್ತದೆ. ಅಮ್ಮ ಆ ಕಲೆ ಬಿಟ್ಟು ಸುತ್ತಲೂ ಇಸ್ತ್ರಿ ಹಾಕುತ್ತಾಳೆ. ಬಿಸಿ ತಾಗಿದರೆ ಕಲೆ ಗಟ್ಟಿಯಾಗಿ ಕೂತುಬಿಡುತ್ತದಂತೆ. ಆ ಅಂಗಿಯವರಿಗೆ ಇದು ಗೊತ್ತಿಲ್ಲ.’

ನಾನು ನನ್ನ ಜೇಬು ನೋಡಿಕೊಂಡೆ.

“ಸಾಕು. ಮನೆಗೆ ಹೋಗು,” ಎಂದೆ. ಅವಳು ಮುಚ್ಚಿಟ್ಟು ಎದ್ದುಹೋದಳು. ಇದನ್ನು ಎಲ್ಲಿಂದಲೂ ಕದಿಯಲು ಸಾಧ್ಯವಿಲ್ಲ ಎಂಬ ಅಂಶವನ್ನು ಆಯೋಗದ ಗಮನಕ್ಕೆ ತರಬೇಕಾದ್ದು ಸಾಕ್ಷಿಯ ಧರ್ಮ.

ಇವತ್ತು ವೈರ್ ಕೀಳುವುದು ಮರೆತೇಹೋಯಿತು. ಮನೆಗೆ ಬಂದ ಮೇಲೆ ನೆನಪಾಯಿತು. ಮತ್ತೆ ಹೋಗುವುದಕ್ಕೆ ಸೋಮಾರಿತನ.

ಜುಲೈ 1, ಸೋಮವಾರ

ಎಲ್ಲವೂ ಸರಾಗವಾಗಿ ನಡೆಯುತ್ತಿದೆ. ಇದು ಇನ್ನೂ ಅನುಮಾನಾಸ್ಪದ.

ಜುಲೈ 3, ಬುಧವಾರ

ತಪ್ಪು ಹಿಡಿದೆ! ಪುಕ್ಕಟೆರಾಯ ಬಂದಿದ್ದಾಗಲೇ, ಅವನ ಮುಖದ ಮೇಲೆಯೇ.

ಮಕ್ಕಳು ಕೆಲಸ ಮುಗಿಸಿ ಹೊರಬರಲು ಒತ್ತುವ ಗುಂಡಿಯ ಮೇಲೆ ‘ಹೊರನಡೆ’ ಎಂದು ಬರೆದಿದೆ. “ಇದೇನ್ರೀ? ಇದು ಕ್ಲಾಸಿಂದ ಗದರಿಸಿ ಓಡಿಸೋ ಮಾತು. ಪಾಪ, ಮಗು ಇಷ್ಟು ಹೊತ್ತು ಕೂತು ಬರೆದಿದೆ, ಕೊನೆಗೆ ‘ಹೊರನಡೆ’ ಅಂತೀರಲ್ಲ. ನಾಯಿಗೂ ಇದಕ್ಕಿಂತ ಮರ್ಯಾದೆ ಇದೆ. ‘ಮುಗಿಸು’ ಅಂದ್ರೆ ಸಾಲದಾ?”

“ಹಾಗಾದ್ರೆ ಬದಲಾಯಿಸಿ.”

“ಯಾರ ಅಪ್ಪಣೆ?”

“ನಿಮ್ಮದೇ. ಯಾರೋ ನಿಮ್ಮಂಥವರೇ ಬಿಡುವಿದ್ದಾಗ ಕೂತು ಕನ್ನಡಕ್ಕೆ ತಂದಿರ್ತಾರೆ, ಅವರಿಗೆ ಆ ಹೊತ್ತಿಗೆ ಅದೇ ಹೊಳೆದಿರುತ್ತೆ. ನಿಮಗೆ ಇದು ಹೊಳೀತು. ಬದಲಾಯಿಸಿದ್ದನ್ನ ಅವರಿಗೂ ಕಳಿಸೋಣ. ಒಪ್ಪಿದ್ರೆ ಎಲ್ಲೆಲ್ಲಿ ಇದು ಇದೆಯೋ ಅಲ್ಲೆಲ್ಲ ನಿಮ್ಮ ಮಾತೇ ಬರುತ್ತೆ.”

ಅವನು ಏನೋ ತೆರೆದುಕೊಟ್ಟ. ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ‘ಮುಗಿಸು’ ಎಂದು ಬರೆದೆ. ನಾಲ್ಕಕ್ಷರದ ಹಾದಿಗೆ ಮೂರು ಕಡೆ ಎಡವಿದೆ. ಅಲ್ಲ, ಮೂರಕ್ಷರದ ಹಾದಿಗೆ. ನೋಡಿ, ಎಣಿಕೆಯೂ ತಪ್ಪುವಷ್ಟು ಗಲಿಬಿಲಿ. ಇನ್ನುಳಿದ ಕಂಪ್ಯೂಟರುಗಳಿಗೂ ಹೀಗೇ ಒಂದೊಂದಾಗಿ ಕೂತು ಬರೆಯಬೇಕಲ್ಲ ಎಂದು ತಿರುಗಿ ನೋಡಿದರೆ, ಹತ್ತೂ ಪರದೆಗಳ ಮೇಲೆ ‘ಮುಗಿಸು’!

“ಇದು ಹೇಗೆ?”

“ಅವತ್ತೇ ಹೇಳಿದ್ನಲ್ಲ ಮೇಷ್ಟ್ರೇ. ಇವು ಮುದಿಯಾಗಿವೆ, ಸ್ವಂತವಾಗಿ ಏನೂ ಯೋಚನೆ ಮಾಡಕ್ಕಾಗಲ್ಲ. ಈ ಹತ್ತೂ ಬರೀ ಮುಖ. ತಲೆ ಅಲ್ಲಿದೆ.” ಮೂಲೆಯ ಪೆಟ್ಟಿಗೆ ತೋರಿಸಿದ. “ಮಕ್ಕಳು ಬರೆದದ್ದೆಲ್ಲ ಇರೋದು ಅದರೊಳಗೆ. ಅದರಲ್ಲೂ ಎರಡು ಡಿಸ್ಕು. ಸಂಜೆ ಶಾಲೆ ಬಿಟ್ಟ ಮೇಲೆ ಒಂದರಲ್ಲಿರೋದನ್ನ ಇನ್ನೊಂದಕ್ಕೆ ನಕಲು ಮಾಡ್ಕೊಳ್ಳುತ್ತೆ, ಒಂದು ಸತ್ರೆ ಇನ್ನೊಂದು ಇರಲಿ ಅಂತ. ಆ ಹೊತ್ತಲ್ಲಿ ಮಾತ್ರ ಕರೆಂಟ್ ಹೋಗ್ಬಾರ್ದು ನೋಡಿ. ಹೋದ್ರೆ ಎರಡೂ ಕೆಡುತ್ತೆ. ಅದಕ್ಕೇ ಚೀಟಿ ಅಂಟಿಸಿದ್ದು.”

ಒಳಗೆ ಕರಕರ ಬರೆದುಕೊಳ್ಳುತ್ತಿದ್ದದ್ದು ಅದು.

ತನಿಖೆಯ ಹಿತದೃಷ್ಟಿಯಿಂದ ಶುಕ್ರವಾರದ ಕ್ರಮವನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ. ಇಲ್ಲಿಯವರೆಗೆ ಮಾಡಿದ್ದು ತಿಳಿಯದೆ ಮಾಡಿದ್ದು. ತಿಳಿಯದೆ ಮಾಡಿದ್ದಕ್ಕೆ ಹೆಸರು ಅಪರಾಧವಲ್ಲ, ಉತ್ಸಾಹ.

ಜುಲೈ 9, ಮಂಗಳವಾರ

ದಿನವೂ ಮಧ್ಯಾಹ್ನ ಕಣ್ಗಾವಲಿಗೆಂದು ಆ ಕೋಣೆಗೆ ಹೋಗುತ್ತಿದ್ದೇನೆ. ಕಣ್ಗಾವಲು ಎಂದರೆ ಸುಮ್ಮನೆ ಕೂರಲಾಗುವುದಿಲ್ಲ, ಅನುಮಾನ ಬರುತ್ತದೆ. ಹಾಗಾಗಿ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವವನಂತೆ ನಟಿಸುತ್ತೇನೆ. ನಟನೆ ಸಹಜವಾಗಿರಲೆಂದು ಇನ್ನಷ್ಟು ಗುಂಡಿಗಳ ಮಾತುಗಳನ್ನು ತಿದ್ದಿದೆ. ‘ಕಡತವು ಪತ್ತೆಯಾಗಲಿಲ್ಲ’ ಎಂಬ ಕಡೆ ‘ಸಿಗಲಿಲ್ಲ, ಇನ್ನೊಮ್ಮೆ ಹುಡುಕು’ ಎಂದು ಬರೆದೆ. ಕೋಳಿಕಾಲು ಪಕ್ಕದಲ್ಲಿ ಕೂತು, “ಸರ್, ಒತ್ತಕ್ಷರಕ್ಕೆ ನಡುವೆ ಈ ಕೀಲಿ ಒತ್ತಬೇಕು” ಎಂದು ತೋರಿಸಿಕೊಟ್ಟಳು. ನನಗೆ ಒತ್ತಕ್ಷರ ಹೇಳಿಕೊಡುತ್ತಾಳೆ!

ಅವಳ ಇಸ್ತ್ರಿ ಅಂಗಡಿ ಬೆಳೆದು ಈಗ ಮೂರು ಪುಟ. ಗೋಡೆಪತ್ರಿಕೆಗೆ ಕೊಡುತ್ತಾಳಂತೆ. ಇದುವರೆಗೆ ಅವಳದ್ದು ಏನೂ ಗೋಡೆ ಹತ್ತಿದ್ದಿಲ್ಲ. ನನಗೆ ಓದಲು ಬಂದರೆ ತಾನೆ ನಾನು ನಕಲು ಮಾಡುವುದು!

ಮನೆಯಲ್ಲಿ ಚಹಾ ಕುಡಿಯುವಾಗ ಬೆರಳುಗಳು ಮೇಜಿನ ಮೇಲೆ ತಾಳ ಹಾಕುತ್ತಿದ್ದವಂತೆ. “ಏನ್ರೀ ಅದು, ತಬಲಾನಾ?” ಎಂದಳು ನನ್ನಾಕೆ.

“ಒತ್ತಕ್ಷರ,” ಎಂದೆ.

ನಕ್ಕು ನಕ್ಕು ಅವಳ ಚಹಾ ಮೂಗಿಗೆ ಹತ್ತಿತು.

ಜುಲೈ 11, ಗುರುವಾರ

ಸೋಮವಾರ ಪೋಷಕರ ಸಭೆ. ಗೋಡೆಪತ್ರಿಕೆಗೆಂದು ಹಾಳೆ, ಮೂರು ದಪ್ಪದ ಪೆನ್ನು ಎಲ್ಲ ತಂದಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ದೊಡ್ಡ ಮೇಡಂ ಬಂದರು.

“ಅದೆಲ್ಲ ಬೇಡ ಮೇಷ್ಟ್ರೇ. ಈ ಸಲ ಮಕ್ಕಳೇ ಕಂಪ್ಯೂಟರಲ್ಲಿ ಬರೆದಿದ್ದಾರಲ್ಲ. ನಾಳೆ ಪ್ರಿಂಟ್ ತೆಗೆಸಿ ಅಂಟಿಸಿಬಿಡೋಣ, ನೀಟಾಗಿರುತ್ತೆ. ಇಷ್ಟು ವರ್ಷ ದುಡಿದಿದೆ, ನಿಮ್ಮ ಕೈಗೆ ಈ ಸಲ ವಿಶ್ರಾಂತಿ.”

ಪ್ರೀತಿಯಿಂದಲೇ ಹೇಳಿದರು. ಪಕ್ಕದಲ್ಲಿದ್ದ ಗಣಿತದವರು, “ಇನ್ಮೇಲೆ ಮುತ್ತು ಪೋಣಿಸೋ ಕೆಲಸ ಮೆಷಿನ್‌ಗೆ” ಎಂದು ನಕ್ಕರು. ನಾನೂ ನಕ್ಕೆ. ಹಾಳೆಗಳನ್ನು ಸುತ್ತಿ ಬೀರುವಿನಲ್ಲಿಟ್ಟೆ.

ಎಲ್ಲರೂ ಹೋದ ಮೇಲೆ ಬೀಗ ಹಾಕಿ ಬಂದೆ. ಬೇರೆ ವಿಶೇಷವಿಲ್ಲ.

ಜುಲೈ 12, ಶುಕ್ರವಾರ

ಮಾನ್ಯ ಆಯೋಗವೇ, ನಾನು ಹೇಳಿದ್ದು ಅಕ್ಷರಶಃ ನಿಜವಾಯಿತು! ಬೆಳಿಗ್ಗೆ ಹತ್ತು ಕಂಪ್ಯೂಟರುಗಳೂ ಮಲಗಿದ್ದವು. ಇವತ್ತು ಹಕ್ಕಿ ಕೂಡ ಬರಲಿಲ್ಲ. ಮಕ್ಕಳ ಪುಟಗಳೆಲ್ಲ ಹೋದವು. ಹಳೆಯ ಗುಜರಿಯನ್ನು ಮಕ್ಕಳ ತಲೆಗೆ ಕಟ್ಟಿದವನು ಯಾರು? ಪುಕ್ಕಟೆಯ ಹೆಸರಿನಲ್ಲಿ ನಂಬಿಸಿದವನು ಯಾರು? ಉತ್ತರ ಕೊಡಬೇಕಾದವನು ಅವನು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಪುಕ್ಕಟೆರಾಯ ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಕೂತಿದ್ದ. ಇಲಿ, ಇರುವೆ, ವೋಲ್ಟೇಜ್ ಯಾವುದರ ಹೆಸರನ್ನೂ ಎತ್ತಲಿಲ್ಲ. “ಎರಡು ಡಿಸ್ಕೂ ಹೋಗಿವೆ ಮೇಡಂ. ನಂದೇ ತಪ್ಪು. ಇಷ್ಟು ಹಳೇದನ್ನ ನಂಬಬಾರದಿತ್ತು” ಎಂದ. ಸ್ಕ್ರೂಗಳನ್ನು ಅಂಗಿ ಜೇಬಿಗೆ ಹಾಕಿಕೊಂಡ. ಬೇರೆ ಶಾಲೆಗಳಿಗೂ ಇಂಥವನ್ನೇ ಕೊಟ್ಟಿದ್ದಾನಂತೆ. ಅಲ್ಲಿಂದಲೂ ವಾಪಸ್ ತರುತ್ತಾನಂತೆ, ಮಕ್ಕಳ ಬರಹ ಹಾಳಾಗುವ ಮೊದಲು. ಸೋಮವಾರ ಬೆಳಿಗ್ಗೆ ಟೆಂಪೊ ಬರುತ್ತದೆ.

ದೊಡ್ಡ ಮೇಡಂ ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವೇ ಗತಿ. ಮಕ್ಕಳು ನೆನಪಿಂದ ಇನ್ನೊಮ್ಮೆ ಬರೆದುಕೊಡ್ತಾರೆ, ಹೇಗಾದ್ರೂ ಮಾಡಿ ಕೈಯಲ್ಲೇ ಬರೆದುಬಿಡಿ” ಎಂದರು.

ನೀವೇ ಗತಿ, ಎಂದರು.

ಮನೆಯಲ್ಲಿ ಪುಕ್ಕಟೆರಾಯನನ್ನು ಬಾಯಿಗೆ ಬಂದಂತೆ ಬೈದೆ. ನನ್ನಾಕೆ ಸುಮ್ಮನೆ ಕೇಳಿಸಿಕೊಂಡಳು. “ನಾನು ಏನೂ ಕೇಳ್ಲೇ ಇಲ್ಲವಲ್ಲ,” ಎಂದಳು. “ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಾ?”

“ನಾನೆಲ್ಲಿ ಮುಟ್ಟಿಕೊಂಡೆ?”

“ಬಂದಾಗಿಂದ ಅದನ್ನೇ ಮಾಡ್ತಿದ್ದೀರಾ.”



ಜುಲೈ 13, ಶನಿವಾರ

ಅರ್ಧ ದಿನದ ಶಾಲೆ. ಎಲ್ಲ ಮಕ್ಕಳೂ ಕಥೆ, ಕವನ ಮತ್ತೆ ಬರೆದು ತಂದಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಸಾಲಾಗಿ ನಕಲು ಮಾಡಿದೆ. ಕೈ ಚೆನ್ನಾಗಿ ಓಡಿತು.

ಕೊನೆಗೆ ಆ ಹುಡುಗಿ ಬಂದಳು. ನಾಲ್ಕು ಹಾಳೆ. ರಾತ್ರಿ ಕೂತು ಬರೆದಿರಬೇಕು. ಒಂದು ಕಡೆ ಪೆನ್ನು ಒತ್ತಿ ಹಾಳೆ ಹರಿದಿತ್ತು, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಸರ್, ಇದನ್ನೂ ನಿಮ್ಮ ಅಕ್ಷರದಲ್ಲಿ ಬರೀತೀರಾ?”

ಹಾಳೆ ತೆಗೆದುಕೊಂಡೆ. ಕಿಟಕಿಯ ಹತ್ತಿರ ಹಿಡಿದೆ, ಕನ್ನಡಕ ತೆಗೆದು ಹಿಡಿದೆ. ಒಂದು ಪದವೂ ತಿಳಿಯಲಿಲ್ಲ.

“ಇದೇನು ಬರೆದಿದ್ದೀಯಮ್ಮ, ಓದು ನೋಡೋಣ.”

ಅವಳು ಹಾಳೆ ಇಸಿದುಕೊಂಡು ಬಹಳ ಹೊತ್ತು ನೋಡಿದಳು. “ನಂಗೂ ಓದೋಕೆ ಬರ್ತಿಲ್ಲ ಸರ್.”

ನಗಬೇಕು ಎಂದುಕೊಂಡೆ. ಅವಳೂ ನಗಲು ನೋಡಿದಳು. ಇಬ್ಬರಿಗೂ ಆಗಲಿಲ್ಲ.

“ಬಾಯಲ್ಲಿ ಹೇಳು, ನಾನು ಬರ್ಕೋತೀನಿ.”

“ಹೇಳೋಕೆ ಹೋದ್ರೆ ಬರಲ್ಲ ಸರ್. ಬೆರಳು ಒತ್ತುವಾಗ ಬರ್ತಿತ್ತು.” ಸ್ವಲ್ಪ ತಡೆದು ಕೇಳಿದಳು: “ಕಂಪ್ಯೂಟರ್ ಸೋಮವಾರ ಹೋಗುತ್ತಂತಲ್ಲ ಸರ್. ಅದರ ಮುಂದೆ ಒಂದ್ಸಲ ಕೂತ್ಕೊಳ್ಲಾ? ಆನ್ ಆಗದಿದ್ರೂ ಪರವಾಗಿಲ್ಲ.”

ಬೀಗ ತೆಗೆದೆ. ಅವಳು ತನ್ನ ಜಾಗದಲ್ಲಿ ಕೂತು, ಬೆರಳಿನ ಬಟ್ಟೆ ಬಿಚ್ಚಿ, ಸತ್ತ ಕೀಬೋರ್ಡಿನ ಮೇಲೆ ಕೈಯಿಟ್ಟಳು. ಕಪ್ಪು ಪರದೆ ನೋಡುತ್ತಾ ಒತ್ತತೊಡಗಿದಳು. ಒತ್ತುತ್ತಾ ಒತ್ತುತ್ತಾ ತುಟಿಯಿಂದ ಮಾತು ಬಂತು. ‘ನಮ್ಮ ಅಂಗಡಿಗೆ ಬಾಗಿಲಿಲ್ಲ, ಅಂಗಿಗಳೇ ಬಾಗಿಲು.’ ನಾನು ಪಕ್ಕದ ಬೆಂಚಿನಲ್ಲಿ ಕೂತು ಬರೆದುಕೊಂಡೆ. ಅವಳು ಒತ್ತಿದಳು, ಹೇಳಿದಳು; ನಾನು ಬರೆದೆ. ಎರಡನೇ ಪುಟದ ಹತ್ತಿರ ಬೆರಳುಗಳು ನಿಂತವು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಒತ್ತಿದಳು. ಮತ್ತೆ ಅಲ್ಲಿಗೇ ಬಂದು ನಿಂತಳು.

“ಇಲ್ಲಿ ಏನೋ ಇತ್ತು ಸರ್. ಚೆನ್ನಾಗಿತ್ತು. ಹೋಯ್ತು.”

ಅಳಲಿಲ್ಲ. ಬೆರಳಿಗೆ ಬಟ್ಟೆ ಸುತ್ತಿಕೊಂಡು, “ಇಷ್ಟೇ ಹಾಕಿ ಸರ್” ಎಂದು ಹೊರಟುಹೋದಳು.

ನನ್ನ ಕೈಯಲ್ಲಿ ಅವಳ ಒಂದೂವರೆ ಪುಟ ಇದೆ, ನನ್ನ ಅಕ್ಷರದಲ್ಲಿ. ಬಹಳ ಚೆನ್ನಾಗಿ ಬಂದಿದೆ. ಇದು ನಾಳಿದ್ದು ಗೋಡೆಯ ಮೇಲಿರುತ್ತದೆ, ಜನ ನಿಂತು ನೋಡುತ್ತಾರೆ, ಎಂಥ ಅಕ್ಷರ ಎನ್ನುತ್ತಾರೆ. ಹೊರಗೆ ಟೆಂಪೊಗೆ ಕಂಪ್ಯೂಟರುಗಳು ಏರುತ್ತಿರುತ್ತವೆ.

ಮಾನ್ಯ ಅಧ್ಯಕ್ಷರೇ

ಇಲ್ಲ. ಯಾವ ಅಧ್ಯಕ್ಷರೂ ಇಲ್ಲ, ಆಯೋಗವೂ ಇಲ್ಲ, ಯಾರೂ ನೇಮಕವಾಗುವುದಿಲ್ಲ, ಯಾರೂ ನನ್ನನ್ನು ಕೇಳುವುದಿಲ್ಲ. ಗುರುವಾರ ಸಂಜೆ ವೈರ್ ಕಿತ್ತವನು ನಾನು. ಆ ಪೆಟ್ಟಿಗೆ ಏನೆಂದು ತಿಳಿದಿತ್ತು, ಅದರೊಳಗೆ ಯಾರ ಬರಹ ಇದೆಯೆಂದೂ ತಿಳಿದಿತ್ತು. ಬಾಗಿಲ ಹತ್ತಿರ ನಿಂತು ಒಳಗೆ ಕರಕರ ಶುರುವಾಗುವವರೆಗೆ ಕಾದೆ, ಆಮೇಲೆ ಕಿತ್ತೆ. ನನ್ನ ಅಕ್ಷರವಿಲ್ಲದೆಯೂ ಗೋಡೆ ತುಂಬುತ್ತದೆ ಎಂಬುದನ್ನು ಸಹಿಸಲಾಗಲಿಲ್ಲ, ಅಷ್ಟೇ.

ದೊಡ್ಡ ಮೇಡಂ ಮನೆಗೆ ಹೊರಟಿದ್ದೇನೆ. ಅಲ್ಲಿಂದ ಅವನ ಮನೆಗೆ.